ಬೋಲ್ಟ್ ಬಿಚ್ಚುವ ಮೊದಲು: ಬಿದ್ದ ಬೈಕಿನ ರಿಪೇರಿ ಹಣವನ್ನು ವಿಮಾ ಕಂಪನಿಯಿಂದ ಪಡೆಯುವ ಸಮಗ್ರ ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತದೆ. ಗಾಡಿ ಜಾರಿ ಬಿತ್ತು, ಪರಿಚಯದ ಮೆಕ್ಯಾನಿಕ್ ಬಳಿ ರಿಪೇರಿ ಮಾಡಿಸಿದ್ದಾಯಿತು, ಆಮೇಲೆ ಬಿಲ್ ಕಳುಹಿಸಿದರೆ ಕಂಪನಿ ಹಣ ಕೊಡಲಿಲ್ಲ ಎಂಬುದು ಒಂದು. ಬಿಲ್ಲಿನ ಅರ್ಧದಷ್ಟೇ ಬಂತು, ಉಳಿದದ್ದು ಏಕೆ ಕಡಿತವಾಯಿತೆಂದು ಯಾರೂ ಹೇಳಲಿಲ್ಲ ಎಂಬುದು ಇನ್ನೊಂದು. ಕಂಪನಿಗಳು ಸತಾಯಿಸುವುದಿಲ್ಲವೆಂದು ಯಾರೂ ಹೇಳಲಾರರು. ಆದರೆ ಇಂಥ ಬಹುತೇಕ ಪ್ರಕರಣಗಳಲ್ಲಿ ಕಂಪನಿಯ ಕೈಗೆ ನೆಪವೊಂದನ್ನು ನಾವೇ ಕೊಟ್ಟಿರುತ್ತೇವೆ, ಮತ್ತು ಆ ನೆಪ ಹೆಚ್ಚಾಗಿ ಕೆಲಸಗಳ ಕ್ರಮ ತಪ್ಪಿದ್ದರಿಂದಲೇ ಹುಟ್ಟಿರುತ್ತದೆ. ಮೊದಲು ತಿಳಿಸುವುದು, ನಂತರ ಪರಿಶೀಲನೆ, ಅದರ ನಂತರ ಲಿಖಿತ ಒಪ್ಪಿಗೆ, ಕೊನೆಗೆ ದುರಸ್ತಿ: ಈ ಕ್ರಮವನ್ನು ಹಿಂದುಮುಂದು ಮಾಡಿದವರಿಗೆ ಮುಂದಿನ ಯಾವ ಹೋರಾಟವೂ ಸುಲಭವಾಗುವುದಿಲ್ಲ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಪಾಲಿಸಿಯ ಪೂರ್ಣ ಪ್ರತಿ, ಆರ್‌ಸಿ, ಅಪಘಾತದ ವೇಳೆ ಗಾಡಿ ಓಡಿಸುತ್ತಿದ್ದವರ ಡಿಎಲ್, ರದ್ದುಪಡಿಸಿದ ಒಂದು ಚೆಕ್, ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ಹೊಂದಿಸಿದ ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್. ಯಾರೊಂದಿಗೆ, ಎಂದು, ಎಷ್ಟು ಗಂಟೆಗೆ ಏನು ಮಾತಾಡಿದಿರಿ ಎಂಬುದೆಲ್ಲ ಆ ನೋಟ್‌ಬುಕ್‌ನಲ್ಲಿ ಇರಬೇಕು.

## ಹಂತ 1: ನಿಮ್ಮ ಪಾಲಿಸಿ ಈಗಲೂ ರಿಪೇರಿಗೆ ಹಣ ಕೊಡುತ್ತದೆಯೇ ನೋಡಿ

ಇದನ್ನು ಅಪಘಾತಕ್ಕೆ ಮೊದಲೇ, ಸಾಧ್ಯವಾದರೆ ಇಂದೇ ಮಾಡಿ. 2018ರ ಸೆಪ್ಟೆಂಬರ್ 1ರ ನಂತರ ಮಾರಾಟವಾದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯನ್ನು ತುಂಬುವ ವಿಮೆ, ಕಡ್ಡಾಯ. ಆದರೆ ನಿಮ್ಮ ಗಾಡಿಗಾದ ಹಾನಿಯನ್ನು ತುಂಬುವ ಭಾಗ, ಅಂದರೆ ಓನ್ ಡ್ಯಾಮೇಜ್, ಸಾಮಾನ್ಯವಾಗಿ ಒಂದು ವರ್ಷಕ್ಕೆ ಮಾತ್ರ ಇರುತ್ತದೆ. ಷೋರೂಂನಲ್ಲಿ ‘ಐದು ವರ್ಷದ ಇನ್ಶೂರೆನ್ಸ್ ಇದೆ’ ಎಂದು ಹೇಳಿದ್ದನ್ನು ನಂಬಿಕೊಂಡು ಎರಡನೆಯ ವರ್ಷ ನವೀಕರಿಸದೆ ಬಿಟ್ಟವರು ಬಿದ್ದ ಮೇಲಷ್ಟೇ ಸತ್ಯ ತಿಳಿಯುತ್ತಾರೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಪ್ರತ್ಯೇಕ ಅವಧಿಗಳಿರುತ್ತವೆ. ಓನ್ ಡ್ಯಾಮೇಜ್ ಎದುರಿನ ದಿನಾಂಕ ದಾಟಿದ್ದರೆ ಈ ಮಾರ್ಗದರ್ಶಿಯ ಮುಂದಿನ ಹಂತಗಳು ನಿಮಗೆ ಅನ್ವಯಿಸುವುದಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಕೆಎ 18 ನೋಂದಣಿಯ ಬೈಕನ್ನು ಹಾಸನದಲ್ಲಿ ಕೊಂಡು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನ ಪ್ರಕಾರ ತಾನಾಗಿ ನಿಮಗೆ ವರ್ಗವಾಗುತ್ತದೆ. ಓನ್ ಡ್ಯಾಮೇಜ್ ಭಾಗ ಹಾಗೆ ಆಗುವುದಿಲ್ಲ. ಅದಕ್ಕೆ ವರ್ಗಾವಣೆಯಾದ 14 ದಿನಗಳೊಳಗೆ ವಿಮಾ ಕಂಪನಿಗೆ ಪ್ರತ್ಯೇಕ ಅರ್ಜಿ ಕೊಡಬೇಕು. ಪಾಲಿಸಿಯಲ್ಲಿ ಹಳೆಯ ಮಾಲೀಕನ ಹೆಸರೇ ಉಳಿದಿದ್ದರೆ ರಿಪೇರಿ ಕ್ಲೇಮ್ ತಿರಸ್ಕಾರವಾಗುವುದು ಬಹುತೇಕ ಖಚಿತ.

ಬಳಕೆಯ ಮಿತಿಯನ್ನೂ ಓದಿಕೊಳ್ಳಿ. ಖಾಸಗಿ ಬೈಕಿನ ಪಾಲಿಸಿ ಬಾಡಿಗೆಗೆ ಓಡಿಸುವುದನ್ನೂ ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದನ್ನೂ ಹೊರಗಿಡುತ್ತದೆ. ಮುಳ್ಳಯ್ಯನಗಿರಿ ನೋಡಲು ಬಂದ ಪ್ರವಾಸಿಗರಿಗೆ ಮನೆಯ ಬೈಕನ್ನು ದಿನದ ಬಾಡಿಗೆಗೆ ಕೊಡುವವರು, ಡೆಲಿವರಿ ಕೆಲಸ ಮಾಡುವವರು, ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವರು ಅದಕ್ಕೆ ತಕ್ಕ ಪಾಲಿಸಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

## ಹಂತ 2: ಬಿದ್ದ ಜಾಗದಲ್ಲಿ

ಗಾಯಗಳಿಗೆ ಚಿಕಿತ್ಸೆ ಮೊದಲು. ಆ ಬಗ್ಗೆ ಎರಡು ಮಾತಿಲ್ಲ. ಅದಾದ ಬಳಿಕ ಗಾಡಿಯನ್ನು ಎತ್ತುವ ಮೊದಲೇ, ರಸ್ತೆಯಲ್ಲಿ ಅಪಾಯವಿಲ್ಲದಿದ್ದರೆ, ಅದು ಬಿದ್ದಿರುವ ಸ್ಥಿತಿಯಲ್ಲೇ ಚಿತ್ರ ತೆಗೆಯಿರಿ. ದೂರದಿಂದ ತೆಗೆದ ಒಂದು ಚಿತ್ರದಲ್ಲಿ ರಸ್ತೆಯ ತಿರುವು ಅಥವಾ ಕಿಲೋಮೀಟರ್ ಕಲ್ಲು ಕಾಣಬೇಕು, ಇನ್ನೊಂದರಲ್ಲಿ ನಂಬರ್ ಪ್ಲೇಟ್ ಮತ್ತು ಹಾನಿ ಒಟ್ಟಿಗೆ ಬರಬೇಕು. ರಸ್ತೆಯ ಮೇಲಿನ ಕೆಸರು, ಉದುರಿದ ಜಲ್ಲಿ, ಮುರಿದು ಬಿದ್ದ ಸಿಲ್ವರ್ ಓಕ್ ಕೊಂಬೆ, ಹೀಗೆ ಬೀಳಲು ಕಾರಣವಾದದ್ದು ಏನಿದೆಯೋ ಅದರದ್ದೂ ಒಂದು ಚಿತ್ರವಿರಲಿ. ಚಾರ್ಮಾಡಿಯ ತಿರುವುಗಳಲ್ಲೋ ಶಿರಾಡಿಯಲ್ಲೋ ನೆಟ್‌ವರ್ಕ್ ಸಿಗದಿದ್ದರೂ ಚಿತ್ರದ ಸಮಯ ದಾಖಲಾಗಿಯೇ ಇರುತ್ತದೆ. ಕರೆಯನ್ನು ಕೊಟ್ಟಿಗೆಹಾರಕ್ಕೋ ಸಕಲೇಶಪುರಕ್ಕೋ ಬಂದ ಮೇಲೆ ಮಾಡಬಹುದು.

ಈ ಹಂತದ ದೊಡ್ಡ ತಪ್ಪು ಗಾಡಿಯನ್ನು ಸ್ಟಾರ್ಟ್ ಮಾಡಿ ನೋಡುವುದು. ಇಂಜಿನ್ ಕೆಳಭಾಗ ಕಲ್ಲಿಗೆ ತಾಗಿ ಆಯಿಲ್ ಸೋರುತ್ತಿದ್ದರೆ, ಅಥವಾ ನೀರು ನಿಂತ ರಸ್ತೆಯಲ್ಲಿ ಇಂಜಿನ್ ಒಳಗೆ ನೀರು ಹೋಗಿದ್ದರೆ, ನಾಲ್ಕು ಸಲ ಕಿಕ್ ಹೊಡೆದು ಹತ್ತು ಕಿಲೋಮೀಟರ್ ಓಡಿಸಿ ಮನೆಗೆ ತಂದವರ ಇಂಜಿನ್ ಸೀಜ್ ಆದ ಖರ್ಚನ್ನು ಕಂಪನಿ ಕೊಡುವುದಿಲ್ಲ. ಒಡೆದ ಇಂಜಿನ್ ಕವರ್ ಅಪಘಾತದ ನೇರ ಹಾನಿ. ಆಯಿಲ್ ಇಲ್ಲದೆ ಓಡಿಸಿದ್ದರಿಂದ ಹಿಡಿದುಕೊಂಡ ಪಿಸ್ಟನ್ ಅದರ ಪರಿಣಾಮವಾಗಿ ಆದ ಹಾನಿ, ಮತ್ತು ಪಾಲಿಸಿ ಎರಡನೆಯದನ್ನು ಸ್ಪಷ್ಟವಾಗಿ ಹೊರಗಿಡುತ್ತದೆ.

ಬೇರೆಯವರಿಗೆ ಗಾಯವಾಗಿದ್ದರೆ ಅಥವಾ ಬೇರೆ ವಾಹನಕ್ಕೆ ಹಾನಿಯಾಗಿದ್ದರೆ ಪೊಲೀಸರಿಗೆ ತಿಳಿಸಲೇಬೇಕು. ಯಾರೋ ಬೇಕೆಂದೇ ಗಾಡಿಗೆ ಹಾನಿ ಮಾಡಿದ್ದರೂ ದೂರು ಅಗತ್ಯ. ಒಬ್ಬರೇ ಜಾರಿ ಬಿದ್ದು ಗಾಡಿಗೆ ಮಾತ್ರ ಪೆಟ್ಟಾಗಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗುವುದಿಲ್ಲ. ಆದರೂ ಕಾಡುಹಂದಿಗೆ ಡಿಕ್ಕಿ ಹೊಡೆದಂಥ ಪ್ರಕರಣಗಳಲ್ಲಿ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಂಡರೆ ಮುಂದೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಎಸ್ಟೇಟ್ ಒಳಗಿನ ಖಾಸಗಿ ರಸ್ತೆಯಲ್ಲಿ ಬಿದ್ದರೆ ಕ್ಲೇಮ್ ಇಲ್ಲ ಎಂಬ ಮಾತು ಮಲೆನಾಡಿನಲ್ಲಿ ಬಹಳ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ: ಓನ್ ಡ್ಯಾಮೇಜ್ ರಕ್ಷಣೆಯ ವ್ಯಾಪ್ತಿ ಭಾರತವೇ ಹೊರತು ಸಾರ್ವಜನಿಕ ರಸ್ತೆ ಮಾತ್ರವಲ್ಲ. ಗುಡ್ಡ ಕುಸಿತ ಮತ್ತು ಬಂಡೆ ಉರುಳುವಿಕೆಯಿಂದಾದ ಹಾನಿಯೂ ಪಾಲಿಸಿಯ ಪಟ್ಟಿಯಲ್ಲಿದೆ.

## ಹಂತ 3: ಕ್ಲೇಮ್ ಮಾಡುವುದು ಲಾಭವೇ ಎಂದು ಲೆಕ್ಕ ಹಾಕಿ

ಒಡೆದ ಒಂದು ಇಂಡಿಕೇಟರ್‌ಗೆ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ. ಕ್ಲೇಮ್ ಇಲ್ಲದೆ ಕಳೆದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಎನ್‌ಸಿಬಿ ರಿಯಾಯಿತಿ ಕ್ರಮವಾಗಿ ಶೇ. 20, 25, 35, 45 ಮತ್ತು 50. ಒಂದು ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ರಿಯಾಯಿತಿಗೆ ಮೊದಲಿನ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 1,600 ರೂಪಾಯಿ, ಈಗ ಶೇ. 25 ರಿಯಾಯಿತಿ ಇದೆ ಎಂದುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷಗಳಲ್ಲಿ ರಿಯಾಯಿತಿ 35, 45, 50, 50, 50 ಎಂದು ಸಾಗುತ್ತದೆ. ಮಾಡಿದರೆ 0, 20, 25, 35, 45 ಎಂದು ಮತ್ತೆ ಮೊದಲಿನಿಂದ ಹತ್ತಬೇಕು. ಈ ಐದು ವರ್ಷಗಳ ವ್ಯತ್ಯಾಸ ಕೂಡಿದರೆ ಶೇ. 105, ಅಂದರೆ ಪ್ರೀಮಿಯಂ ಬದಲಾಗುವುದಿಲ್ಲವೆಂದು ಇಟ್ಟುಕೊಂಡರೆ 1,680 ರೂಪಾಯಿ. ಎಲ್ಲ ಕಡಿತಗಳ ನಂತರ ಕಂಪನಿಯಿಂದ ಬರುವ ಹಣ ಅದಕ್ಕಿಂತ ಕಡಿಮೆಯಿದ್ದರೆ ಕೈಯಿಂದಲೇ ಕೊಟ್ಟು ರಿಪೇರಿ ಮಾಡಿಸಿಕೊಳ್ಳುವುದು ಜಾಣತನ. ಎನ್‌ಸಿಬಿ ರಕ್ಷಣೆಯ ಆಡ್-ಆನ್ (ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ) ಇದ್ದವರಿಗೆ ಈ ಲೆಕ್ಕ ಬೇರೆಯಾಗುತ್ತದೆ.

## ಹಂತ 4: ಕಂಪನಿಗೆ ತಿಳಿಸಿ, ಕ್ಲೇಮ್ ಸಂಖ್ಯೆ ಪಡೆಯಿರಿ

ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಗುವುದಿಲ್ಲ. ಷೋರೂಂನ ಇನ್ಶೂರೆನ್ಸ್ ಕೌಂಟರಿನಲ್ಲಿ ‘ನಾವು ನೋಡಿಕೊಳ್ಳುತ್ತೇವೆ ಸರ್’ ಎಂದು ಹೇಳಿದ ಮಾತಿಗೂ ಇದೇ ಅನ್ವಯ. ಪಾಲಿಸಿಯ ಮೇಲಿರುವ ಸಹಾಯವಾಣಿಗೆ ಅದೇ ದಿನ, ತಪ್ಪಿದರೆ ಮರುದಿನ ನೀವೇ ಕರೆ ಮಾಡಿ, ಇಲ್ಲವೇ ಕಂಪನಿಯ ಆ್ಯಪ್‌ನಲ್ಲಿ ನೋಂದಾಯಿಸಿ. ಕ್ಲೇಮ್ ಸಂಖ್ಯೆ ಬರುವವರೆಗೆ ಕ್ಲೇಮ್ ಹುಟ್ಟಿಲ್ಲವೆಂದೇ ತಿಳಿಯಿರಿ. ಆಸ್ಪತ್ರೆಯಲ್ಲಿದ್ದ ಕಾರಣ ತಡವಾಗಿದ್ದರೆ ಎದೆಗುಂದಬೇಕಿಲ್ಲ. ತಡವಾಗಿ ತಿಳಿಸಿದ್ದೊಂದನ್ನೇ ಕಾರಣವಾಗಿಟ್ಟುಕೊಂಡು ನಿಜವಾದ ಕ್ಲೇಮನ್ನು ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಹೇಳಿದೆ. ಆದರೆ ತಡಕ್ಕೆ ಕಾರಣವನ್ನೂ ಆಸ್ಪತ್ರೆಯ ಕಾಗದವನ್ನೂ ಜೊತೆಗಿಡಬೇಕು.

ಘಟನೆಯ ವಿವರ ಬರೆಯುವಾಗ ನಡೆದದ್ದನ್ನಷ್ಟೇ ಬರೆಯಿರಿ, ಮತ್ತು ಫಾರಂ ತುಂಬುವ ಕೆಲಸವನ್ನು ಬೇರೆಯವರಿಗೆ ಬಿಡಬೇಡಿ. ಓಡಿಸಿದವನು ತಮ್ಮ, ಫಾರಂನಲ್ಲಿ ಬರೆದದ್ದು ಆರ್‌ಸಿ ಮಾಲೀಕನಾದ ಅಣ್ಣನ ಹೆಸರು. ಇಂಥ ಸುಳ್ಳನ್ನು ಗ್ಯಾರೇಜಿನವರೇ ಕೆಲವೊಮ್ಮೆ ಸಲಹೆ ಮಾಡುತ್ತಾರೆ. ಇದರ ಅಗತ್ಯವೇ ಇಲ್ಲ. ಮಾಲೀಕರ ಒಪ್ಪಿಗೆಯಿಂದ, ಆ ವರ್ಗದ ವಾಹನಕ್ಕೆ ಚಾಲ್ತಿಯಲ್ಲಿರುವ ಡಿಎಲ್ ಹೊಂದಿರುವ ಯಾರು ಓಡಿಸಿದ್ದರೂ ಓನ್ ಡ್ಯಾಮೇಜ್ ರಕ್ಷಣೆ ಇರುತ್ತದೆ. ಗಾಯಾಳುವಿನ ಆಸ್ಪತ್ರೆ ಚೀಟಿಯಲ್ಲಿ ತಮ್ಮನ ಹೆಸರು, ಕ್ಲೇಮ್ ಫಾರಂನಲ್ಲಿ ಅಣ್ಣನ ಹೆಸರು ಕಂಡುಬಂದರೆ ಸಾಚಾ ಕ್ಲೇಮ್ ಕೂಡ ಸುಳ್ಳು ಹೇಳಿಕೆಯ ಆಧಾರದ ಮೇಲೆ ಬಿದ್ದುಹೋಗುತ್ತದೆ. ಗೇರ್ ಇಲ್ಲದ ಸ್ಕೂಟರಿನ ಡಿಎಲ್ ಇಟ್ಟುಕೊಂಡು ಗೇರ್ ಬೈಕ್ ಓಡಿಸಿದ್ದರೆ ಮಾತ್ರ ಕಂಪನಿಯ ಆಕ್ಷೇಪಣೆಗೆ ಬಲವಿರುತ್ತದೆ. ಕುಡಿದು ಓಡಿಸಿದ್ದರೆ ಕ್ಲೇಮ್ ಇಲ್ಲವೇ ಇಲ್ಲ.

## ಹಂತ 5: ಗ್ಯಾರೇಜ್ ಆಯ್ಕೆ ಮತ್ತು ಸಾಗಣೆ

ಕಂಪನಿಯ ಒಡಂಬಡಿಕೆಯಿರುವ ಗ್ಯಾರೇಜಿನಲ್ಲಿ ಮಾತ್ರ ನಗದುರಹಿತ ಸೌಲಭ್ಯ ಸಿಗುತ್ತದೆ. ಬೇರೆಡೆ ಮಾಡಿಸಿದರೆ ನೀವು ಹಣ ಕೊಟ್ಟು ನಂತರ ಕಂಪನಿಯಿಂದ ಪಡೆಯಬೇಕು. ಊರಿನ ಮೆಕ್ಯಾನಿಕ್ ಬಳಿ ಮಾಡಿಸಲು ನಿಷೇಧವಿಲ್ಲ. ಆದರೆ ಬಿಡಿಭಾಗದ ಹೆಸರು, ದರ, ಕೂಲಿ ಎಲ್ಲ ಬೇರೆಬೇರೆಯಾಗಿ ಬರೆದ, ಜಿಎಸ್‌ಟಿ ನೋಂದಣಿ ಸಂಖ್ಯೆಯಿರುವ ಬಿಲ್ ಅವರು ಕೊಡಬಲ್ಲರೇ ಎಂದು ಮೊದಲೇ ಕೇಳಿ. ಬಿಳಿ ಹಾಳೆಯ ಮೇಲೆ ‘ಒಟ್ಟು 9,000’ ಎಂದು ಬರೆದು ಸಹಿ ಮಾಡಿದ ಚೀಟಿಗೆ ಕ್ಲೇಮ್ ವಿಭಾಗದಲ್ಲಿ ಬೆಲೆಯಿಲ್ಲ.

ಮೂಡಿಗೆರೆ, ಕೊಪ್ಪ, ಆಲೂರು, ಸಕಲೇಶಪುರದ ಕಡೆಯವರು ಗಾಡಿಯನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ತರಬೇಕಾಗುವುದುಂಟು. ದ್ವಿಚಕ್ರ ವಾಹನದ ಸಾಮಾನ್ಯ ಪಾಲಿಸಿಯಲ್ಲಿ ಸಾಗಣೆಗೆ ಸಿಗುವುದು ಗರಿಷ್ಠ 300 ರೂಪಾಯಿ, ಅದೂ ಹತ್ತಿರದ ರಿಪೇರಿ ಸ್ಥಳಕ್ಕೆ. ರಸ್ತೆಬದಿ ನೆರವಿನ ಆಡ್-ಆನ್ ಇದೆಯೇ ಎಂದು ನೋಡಿಕೊಂಡು, ಇದ್ದರೆ ಮೊದಲು ಅದಕ್ಕೇ ಕರೆ ಮಾಡಿ. ಆಟೊದ ಬಾಡಿಗೆಗೆ ರಸೀದಿ ಪಡೆಯುವುದನ್ನು ಮರೆಯಬೇಡಿ, ಗಾಡಿಯನ್ನು ಗ್ಯಾರೇಜಿನಲ್ಲಿ ಇಳಿಸಿದ ಕೂಡಲೇ ಓಡೋಮೀಟರ್ ಕಾಣುವಂತೆ ಮತ್ತೊಂದು ಸುತ್ತು ಚಿತ್ರ ತೆಗೆಯಿರಿ.

## ಹಂತ 6: ಎಸ್ಟಿಮೇಟ್ ಮತ್ತು ಸರ್ವೇ

ಹಣ ನಿಜವಾಗಿ ನಿರ್ಧಾರವಾಗುವುದು ಇಲ್ಲಿ. ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸುವ ಸರ್ವೇಯರ್ ಬಂದು ನೋಡುವವರೆಗೆ, ಅಥವಾ ಸಣ್ಣ ಮೊತ್ತದ ಕ್ಲೇಮ್‌ಗಳಲ್ಲಿ ಕಂಪನಿ ಕೇಳಿದಂತೆ ಆ್ಯಪ್‌ನಲ್ಲಿ ಚಿತ್ರ ಮತ್ತು ವಿಡಿಯೊ ಕಳುಹಿಸಿ ಲಿಖಿತ ಒಪ್ಪಿಗೆ ಬರುವವರೆಗೆ, ಗಾಡಿಯ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಸೀಸನ್ನಿನಲ್ಲಿ ಗ್ಯಾರೇಜ್ ತುಂಬಿರುವಾಗ ಮೆಕ್ಯಾನಿಕ್ ಆತುರಪಡುವುದು ಸಹಜ, ‘ಬಿಚ್ಚಿಟ್ಟಿರುತ್ತೇವೆ, ಸರ್ವೇಯರ್ ಬಂದಾಗ ತೋರಿಸಿದರಾಯಿತು’ ಎನ್ನುತ್ತಾರೆ. ಬಿಚ್ಚಿಟ್ಟ ಬಿಡಿಭಾಗ ಯಾವ ಗಾಡಿಯದ್ದೆಂದು ಸರ್ವೇಯರ್ ಪ್ರಶ್ನಿಸಿದರೆ ಉತ್ತರ ಕೊಡುವುದು ಕಷ್ಟ.

ಗ್ಯಾರೇಜಿನವರು ಎಸ್ಟಿಮೇಟ್ ಬರೆಯುವಾಗ ನೀವು ಪಕ್ಕದಲ್ಲಿರಿ. ಅವರು ಮೇಲಿನಿಂದ ಕಾಣುವುದನ್ನು ಬರೆಯುತ್ತಾರೆ: ಹೆಡ್‌ಲೈಟ್, ಮಡ್ಗಾರ್ಡ್, ಮಿರರ್, ಫುಟ್‌ರೆಸ್ಟ್, ಟ್ಯಾಂಕಿನ ಮೇಲಿನ ಗೀರು. ಕಾಣದಿರುವ ದುಬಾರಿ ಹಾನಿ ಮುಂಭಾಗದಲ್ಲಿ ಅಡಗಿರುತ್ತದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಎದುರು ಕುಳಿತು ನೋಡಿ: ಮುಂಚಕ್ರ ನೇರವಾಗಿದ್ದಾಗ ಹ್ಯಾಂಡಲ್ ಓರೆಯಾಗಿ ಕಂಡರೆ ಫೋರ್ಕ್ ತಿರುಚಿಕೊಂಡಿರಬಹುದು ಅಥವಾ ಪೈಪ್ ಬಾಗಿರಬಹುದು. ಫೋರ್ಕ್ ಪೈಪನ್ನು ಬಟ್ಟೆಯಿಂದ ಒರೆಸಿ, ಮುಂಭಾಗವನ್ನು ಕೆಲವು ಸಲ ಒತ್ತಿ ಬಿಟ್ಟ ಮೇಲೆ ಸೀಲಿನ ಮೇಲ್ಗಡೆ ಬೆರಳಾಡಿಸಿದಾಗ ಎಣ್ಣೆಯ ತೆಳು ಉಂಗುರ ಅಂಟಿಕೊಂಡರೆ ಸೀಲ್ ಹೋಗಿದೆ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಅದು ತಡೆದು ನಿಲ್ಲುವ ಕಡೆ ಚಾಸಿಯ ಮೇಲೆ ಬಣ್ಣ ಎದ್ದು ಹೊಸ ಲೋಹ ಹೊಳೆಯುತ್ತಿದೆಯೇ ಗಮನಿಸಿ. ಹೊಳೆಯುತ್ತಿದ್ದರೆ ಬಿದ್ದಾಗ ಹ್ಯಾಂಡಲ್ ತನ್ನ ಮಿತಿ ಮೀರಿ ತಿರುಗಿದೆ ಎಂದರ್ಥ, ಚಾಸಿಯ ಕುತ್ತಿಗೆಯ ಭಾಗವನ್ನೂ ಅಳತೆ ಮಾಡಿಸಬೇಕು. ಇವುಗಳನ್ನು ಎಸ್ಟಿಮೇಟ್‌ನಲ್ಲಿ ‘ಬಿಚ್ಚಿ ಪರಿಶೀಲಿಸಬೇಕಾದವು’ ಎಂದಾದರೂ ಬರೆಸಿ.

ಸರ್ವೇ ಸಮಯದಲ್ಲಿ ಖುದ್ದಾಗಿ ಇರುವುದಕ್ಕೆ ಒಂದು ದಿನದ ಕೆಲಸ ಬಿಟ್ಟರೂ ನಷ್ಟವಿಲ್ಲ. ವಾದ ಮಾಡಬೇಕಿಲ್ಲ, ಹಾನಿಯನ್ನು ಒಂದೊಂದಾಗಿ ತೋರಿಸಿದರೆ ಸಾಕು. ಸರ್ವೇಯರ್ ಪ್ರತಿ ಸಾಲಿನ ಎದುರು ಬದಲಿಸುವುದು, ರಿಪೇರಿ, ಇಲ್ಲ ಎಂಬ ಮೂರರಲ್ಲೊಂದನ್ನು ಗುರುತಿಸುತ್ತಾರೆ. ಜಗಳ ಹುಟ್ಟುವುದು ರಿಪೇರಿ ಎಂದು ಬರೆದ ಸಾಲುಗಳಲ್ಲಿ. ಟ್ಯಾಂಕಿನ ತಗ್ಗನ್ನು ಎತ್ತಿ ಬಣ್ಣ ಹಾಕುವುದು ನ್ಯಾಯವೇ. ಆದರೆ ಬಾಗಿದ ಫೋರ್ಕ್ ಪೈಪನ್ನೋ ಹ್ಯಾಂಡಲನ್ನೋ ಕಾಯಿಸಿ ನೇರ ಮಾಡಿಸಿರೆಂದರೆ ಒಪ್ಪಬೇಡಿ, ಏಕೆಂದರೆ ಅದು ಘಾಟಿಯ ಇಳಿಜಾರಿನಲ್ಲಿ ಪ್ರಾಣದ ಪ್ರಶ್ನೆ. ‘ಈ ಭಾಗವನ್ನು ನೇರಗೊಳಿಸಿ ಬಳಸುವುದು ಸುರಕ್ಷಿತವಲ್ಲ, ಬದಲಿಸಬೇಕು’ ಎಂದು ಗ್ಯಾರೇಜಿನ ಮೊಹರಿನೊಂದಿಗೆ ಒಂದು ಸಾಲು ಬರೆಸಿ ಸರ್ವೇಯರ್‌ಗೂ ಕಂಪನಿಗೂ ಇಮೇಲ್ ಮಾಡಿ. ಬಾಯಿಮಾತಿನ ಹತ್ತು ವಾದಗಳಿಗಿಂತ ಆ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ.

‘ಇದು ಹಳೆಯ ಹಾನಿ’ ಎಂಬುದು ಸರ್ವೇಯರ್ ಎತ್ತುವ ಮತ್ತೊಂದು ಆಕ್ಷೇಪಣೆ. ಗೀರಿನಲ್ಲಿ ತುಕ್ಕು ಅಥವಾ ಗಟ್ಟಿಯಾದ ಕೊಳೆ ಕೂತಿದ್ದರೆ ಅವರ ಮಾತು ಸರಿಯಿರಬಹುದು. ಹೊಸ ಗೀರೆಂದು ನಿಮಗೆ ಗೊತ್ತಿದ್ದರೆ ಹಂತ 2ರ ಚಿತ್ರಗಳನ್ನು ಅಲ್ಲೇ ತೆಗೆದು ತೋರಿಸಿ. ಹೊಗೆ ತಪಾಸಣೆ ಪತ್ರದ ಅವಧಿ ಮುಗಿದಿದೆ, ಹಾಗಾಗಿ ಕ್ಲೇಮ್ ಆಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ, ಆ ಕಾರಣಕ್ಕೆ ಓನ್ ಡ್ಯಾಮೇಜ್ ಕ್ಲೇಮ್ ನಿರಾಕರಿಸುವಂತಿಲ್ಲವೆಂದು ಪ್ರಾಧಿಕಾರ 2020ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ ಎಂದು ತಿಳಿಸಿ. ಪತ್ರ ಇಟ್ಟುಕೊಳ್ಳಬೇಕಾದ ಕರ್ತವ್ಯ ಬೇರೆ, ಇದು ಬೇರೆ.

ಸರ್ವೇ ಮುಗಿದ ಸಂಜೆಯೇ ಕಂಪನಿಗೆ ಇಂಥದ್ದೊಂದು ಇಮೇಲ್ ಹೋಗಲಿ:

‘ಕ್ಲೇಮ್ ಸಂಖ್ಯೆ ... ಕ್ಕೆ ಸಂಬಂಧಿಸಿದಂತೆ ಇಂದು ... ಗ್ಯಾರೇಜಿನಲ್ಲಿ ಸರ್ವೇಯರ್ ಅವರು ನನ್ನ ಬೈಕನ್ನು ಪರಿಶೀಲಿಸಿದರು. ಫೋರ್ಕ್ ಪೈಪ್ ಮತ್ತು ಹ್ಯಾಂಡಲ್ ಬದಲಿಸಬೇಕೆಂಬ ಗ್ಯಾರೇಜಿನ ಲಿಖಿತ ಅಭಿಪ್ರಾಯವನ್ನು ಲಗತ್ತಿಸಿದ್ದೇನೆ. ಅನುಮೋದಿತ ಬಿಡಿಭಾಗಗಳ ಪಟ್ಟಿಯನ್ನು ಮತ್ತು ದುರಸ್ತಿ ಆರಂಭಿಸಲು ಒಪ್ಪಿಗೆಯನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

## ಹಂತ 7: ಕಡಿತದ ಲೆಕ್ಕವನ್ನು ನೀವೇ ಹಾಕಿ

ಕಡಿತವೆಲ್ಲ ಅನ್ಯಾಯವಲ್ಲ, ಬಹುಪಾಲು ಪಾಲಿಸಿಯಲ್ಲೇ ಬರೆದಿರುತ್ತದೆ. ಜೀರೋ ಡೆಪ್ ಆಡ್-ಆನ್ (ಬಿಡಿಭಾಗಗಳು ಹಳೆಯದಾದ ಲೆಕ್ಕದಲ್ಲಿ ಕಳೆಯುವ ಸವಕಳಿಯನ್ನು ತಪ್ಪಿಸುವ ರಕ್ಷಣೆ) ಇಲ್ಲದ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಟ್ಯೂಬು ಮತ್ತು ಬ್ಯಾಟರಿಗೆ ಶೇ. 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30 ಸವಕಳಿ ಕಡಿತವಾಗುತ್ತದೆ, ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ಲೆಕ್ಕಕ್ಕೆ ಬರುತ್ತದೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರಾಚೆ 50. ಬಣ್ಣದ ಒಟ್ಟು ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯೆಂದು ಪರಿಗಣಿಸಿ ಅದರ ಅರ್ಧವನ್ನು ಕಡಿಯುತ್ತಾರೆ. ಕೂಲಿಗೆ ಸವಕಳಿ ಇಲ್ಲ.

ಎರಡು ವರ್ಷ ನಾಲ್ಕು ತಿಂಗಳಾದ ಬೈಕಿನ 14,000 ರೂಪಾಯಿಯ ಒಂದು ಎಸ್ಟಿಮೇಟ್ ತೆಗೆದುಕೊಳ್ಳಿ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಪ್ಲಾಸ್ಟಿಕ್ ಭಾಗಗಳು 4,000, ಅದರಲ್ಲಿ ಸಿಗುವುದು 2,000. ಲೋಹದ ಭಾಗಗಳು 6,000, ಶೇ. 15 ಕಳೆದು 5,100. ಟ್ಯಾಂಕಿನ ಬಣ್ಣ 2,400, ಅದರಲ್ಲಿ 300 ಹೋಗಿ 2,100. ಕೂಲಿ 1,600 ಪೂರ್ತಿ. ಒಟ್ಟು 10,800, ಪ್ರತಿ ಕ್ಲೇಮ್‌ನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ 100 ರೂಪಾಯಿ ಕಳೆದರೆ 10,700. ನಿಮ್ಮ ಕೈಯಿಂದ ಹೋಗಬೇಕಾದದ್ದು 3,300. ಕಂಪನಿ 7,000 ಮಾತ್ರ ಕೊಟ್ಟಿದ್ದರೆ ಉಳಿದ 3,700 ಯಾವ ಸಾಲಿನಲ್ಲಿ ಹೋಯಿತೆಂದು ಕೇಳುವ ಹಕ್ಕು ನಿಮಗಿದೆ, ಸರ್ವೇ ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಪ್ರೀಮಿಯಂ ಕಡಿಮೆ ಮಾಡಲೆಂದು ಏಜೆಂಟರು ಸ್ವಯಂಪ್ರೇರಿತ ಕಡಿತದ ಮೊತ್ತವನ್ನು, ಅಂದರೆ ಪ್ರತಿ ಕ್ಲೇಮ್‌ನಲ್ಲಿ ನೀವೇ ಭರಿಸಲು ಒಪ್ಪಿಕೊಳ್ಳುವ ಹೆಚ್ಚುವರಿ ಮೊತ್ತವನ್ನು, ಸೇರಿಸಿರುವುದುಂಟು. ಅದೂ ಕಳೆಯುತ್ತದೆ. ಇಂಜಿನ್ ಆಯಿಲ್, ನಟ್ಟು, ಬೋಲ್ಟುಗಳಂಥವು ಆಡ್-ಆನ್ ಇಲ್ಲದೆ ಸಾಮಾನ್ಯವಾಗಿ ಸಿಗುವುದಿಲ್ಲ. ನೀವು ಹೊರಗಿನಿಂದ ಹಾಕಿಸಿದ ಫಾಗ್ ಲ್ಯಾಂಪಿನಂಥ ಪರಿಕರಗಳು ಪಾಲಿಸಿಯಲ್ಲಿ ಘೋಷಣೆಯಾಗಿರದಿದ್ದರೆ ಅವಕ್ಕೆ ಹಣವಿಲ್ಲ. ರಿಪೇರಿ ವೆಚ್ಚ ಐಡಿವಿಯ (ಪಾಲಿಸಿಯಲ್ಲಿ ನಮೂದಿಸಿದ ಗಾಡಿಯ ಮೌಲ್ಯ) ಶೇ. 75 ದಾಟಿದರೆ ಗಾಡಿಯನ್ನು ಪೂರ್ಣ ನಷ್ಟವೆಂದು ಪರಿಗಣಿಸಬೇಕು. ಹಳೆಯ ಗಾಡಿಗಳಲ್ಲಿ ಇದು ಬೇಗ ಬರುತ್ತದೆ, ಗ್ಯಾರೇಜಿನವರಿಗೆ ರಿಪೇರಿಯ ಆಸೆಯಿರುವುದರಿಂದ ಅವರು ತಾವಾಗಿ ಹೇಳುವುದಿಲ್ಲ.

## ಹಂತ 8: ದುರಸ್ತಿ ಮತ್ತು ಡೆಲಿವರಿ

ಲಿಖಿತ ಒಪ್ಪಿಗೆ ಬಂದ ಮೇಲೆ ಕೆಲಸ ಆರಂಭವಾಗಲಿ. ಬಿಚ್ಚಿದಾಗ ಹೊಸ ಹಾನಿ ಕಂಡರೆ ಅಲ್ಲೇ ನಿಲ್ಲಿಸಿ, ಚಿತ್ರದೊಂದಿಗೆ ಪೂರಕ ಎಸ್ಟಿಮೇಟ್ ಕಳುಹಿಸಿ, ಅದಕ್ಕೂ ಒಪ್ಪಿಗೆ ಬಂದ ನಂತರ ಮುಂದುವರಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರುಪರಿಶೀಲನೆ ಮುಗಿಯುವವರೆಗೆ ಗುಜರಿಗೆ ಹಾಕಲು ಬಿಡಬೇಡಿ. ಕಂಪನಿ ಅವುಗಳನ್ನು ಕೇಳಬಹುದು ಅಥವಾ ಗುಜರಿ ಬೆಲೆ ಕಳೆಯಬಹುದು.

ಡೆಲಿವರಿಗೆ ಹೋದಾಗ ಬಿಲ್ಲಿನಲ್ಲಿ ಹೊಸದೆಂದು ಬರೆದ ಭಾಗ ನಿಜಕ್ಕೂ ಹೊಸದೇ ಎಂದು ನೋಡಿ. ತೃಪ್ತಿ ಪತ್ರಕ್ಕೆ ಸಹಿ ಹಾಕುವ ಮೊದಲು ಗಾಡಿ ಓಡಿಸಿ: ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ ಕೆಲಸ ಮುಗಿದಿಲ್ಲ. ಕಡಿಮೆ ಮೊತ್ತಕ್ಕೆ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ವೋಚರ್ ಮುಂದಿಟ್ಟರೆ, ಸಹಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆಯಿರಿ. ಇಂಥ ವೋಚರ್‌ಗೆ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನ ಮೊತ್ತ ಕೇಳುವ ಹಕ್ಕು ಹೋಗುವುದಿಲ್ಲವೆಂದು ಪ್ರಾಧಿಕಾರದ 2015ರ ಸೆಪ್ಟೆಂಬರ್ 24ರ ಸುತ್ತೋಲೆ ಹೇಳುತ್ತದೆ.

## ಎಚ್ಚರಿಕೆಯ ಸೂಚನೆಗಳು

ಸರ್ವೇಯರ್ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಯಾರೂ ಕೊಡದಿದ್ದರೆ, ದಾಖಲೆಗಳನ್ನು ಒಂದೇ ಸಲ ಕೇಳದೆ ವಾರಕ್ಕೊಂದರಂತೆ ಕೇಳುತ್ತಿದ್ದರೆ, ‘ಮೇಲಿನವರ ಅಪ್ರೂವಲ್‌ಗೆ ಹೋಗಿದೆ’ ಎಂಬ ಉತ್ತರ ಮಾತ್ರ ಬರುತ್ತಿದ್ದರೆ, ಅಥವಾ ‘ಕ್ಲೇಮ್ ಹಿಂಪಡೆಯುತ್ತೇನೆಂದು ಬರೆದುಕೊಡಿ, ಹೊಸದಾಗಿ ಹಾಕೋಣ’ ಎಂದು ಹೇಳಿದರೆ ಫೋನಿನ ಮಾತು ನಿಲ್ಲಿಸಿ ಬರಹಕ್ಕೆ ಇಳಿಯುವ ಸಮಯ ಬಂದಿದೆ. ಕೊನೆಯದನ್ನಂತೂ ಎಂದಿಗೂ ಬರೆದುಕೊಡಬೇಡಿ. ಖಾಲಿ ಕ್ಲೇಮ್ ಫಾರಂಗೆ ಸಹಿ ಕೇಳುವ ಗ್ಯಾರೇಜಿನಿಂದ ಗಾಡಿಯನ್ನು ಬೇರೆಡೆಗೆ ಸಾಗಿಸುವುದೇ ಕ್ಷೇಮ.

## ಹಂತ 9: ತಡ, ಅನ್ಯಾಯದ ಕಡಿತ ಅಥವಾ ತಿರಸ್ಕಾರವಾದರೆ

2024ರ ನಿಯಮಗಳ ಪ್ರಕಾರ ಕ್ಲೇಮ್ ವರದಿಯಾದ 24 ಗಂಟೆಗಳೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳೊಳಗೆ ಕಂಪನಿ ಸರ್ವೇ ವರದಿ ಪಡೆಯಬೇಕು, ವರದಿ ಬಂದ 7 ದಿನಗಳೊಳಗೆ ತೀರ್ಮಾನಿಸಬೇಕು. ಈ ಅವಧಿ ಮೀರಿದರೆ ಅಥವಾ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಅದಕ್ಕೆ 14 ದಿನಗಳಲ್ಲಿ ಪರಿಹಾರ ಸಿಗಬೇಕು. ದೂರಿನಲ್ಲಿ ಕೋಪ ಬೇಡ. ದಿನಾಂಕಗಳ ಸಾಲು, ವಿವಾದದಲ್ಲಿರುವ ಭಾಗಗಳ ಹೆಸರು, ನಿಮ್ಮ ಲೆಕ್ಕದ ಮೊತ್ತ, ಕಂಪನಿ ಕೊಟ್ಟ ಮೊತ್ತ, ತಿರಸ್ಕಾರಕ್ಕೆ ಆಧಾರವಾದ ಪಾಲಿಸಿಯ ಷರತ್ತಿನ ಸಂಖ್ಯೆ ತಿಳಿಸಿರೆಂಬ ಬೇಡಿಕೆ, ಇಷ್ಟಿದ್ದರೆ ಸಾಕು. ನೋಟ್‌ಬುಕ್ ಕೆಲಸಕ್ಕೆ ಬರುವುದು ಇಲ್ಲಿ.

ಉತ್ತರ ಬಾರದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ನೋಂದಾಯಿಸಬಹುದು. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಕೊಡಿಸುತ್ತದೆ. ಆದರೂ ತಡೆಹಿಡಿದ ಕಡತಗಳು ಇದರಿಂದ ಅಲುಗಾಡುವುದುಂಟು.

ಅದರ ಮುಂದಿನದು ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರಿಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಒಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ಅದನ್ನು 30 ದಿನಗಳಲ್ಲಿ ಪಾಲಿಸಬೇಕು.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಬೈಕ್ ವಿಮೆಯಂಥ ಸಣ್ಣ ಪ್ರೀಮಿಯಂಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ರಿಪೇರಿ ಹಣದ ಜೊತೆಗೆ ಬಡ್ಡಿ, ಮಾನಸಿಕ ತೊಂದರೆಗೆ ಪರಿಹಾರ ಮತ್ತು ಖರ್ಚನ್ನೂ ಇಲ್ಲಿ ಕೇಳಬಹುದು, ಆದರೆ ಸಮಯ ಹೆಚ್ಚು ಹಿಡಿಯುತ್ತದೆ. ಲೆಕ್ಕದ ವ್ಯತ್ಯಾಸದ ವಿವಾದಕ್ಕೆ ಒಂಬುಡ್ಸ್‌ಮನ್ ಸಾಕು. ಕಂಪನಿಯ ನಿರ್ಲಕ್ಷ್ಯದಿಂದ ತಿಂಗಳುಗಟ್ಟಲೆ ಗಾಡಿಯಿಲ್ಲದೆ ಸಂಪಾದನೆ ಕಳೆದುಕೊಂಡವರು ಆಯೋಗಕ್ಕೆ ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ಆಯೋಗದಲ್ಲಿ ಪ್ರಕರಣ ಬಾಕಿಯಿದ್ದರೆ ಒಂಬುಡ್ಸ್‌ಮನ್ ದೂರನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ಒಂಬುಡ್ಸ್‌ಮನ್ ದಾರಿ ಬೇಕೆನ್ನುವವರು ಮೊದಲು ಅಲ್ಲಿಗೇ ಹೋಗಬೇಕು.